ನಾಲ್ಕು ಮಂದಿ ನೋಡಾಕ ಬರ್ತೇವ್ರಿ

ನಮ್ಮ ಆಯಿಗೆ, ಅಂದರೆ ಅಜ್ಜಿ ಸಾವಂತ್ರವ್ವನಿಗೆ, ಫೋನಿನಲ್ಲಿ ಎರಡೇ ಸುದ್ದಿ ಸರಿಯಾಗಿ ಕೇಳಿಸುತ್ತವೆ. ಒಂದು ಸಾವಿನದು, ಇನ್ನೊಂದು ಮದುವೆಯದು. ಉಳಿದ ಮಾತನ್ನೆಲ್ಲ ಅವಳು ಈ ಎರಡರಲ್ಲಿ ಒಂದಕ್ಕೆ ಹೊಂದಿಸಿಕೊಂಡುಬಿಡುತ್ತಾಳೆ. ಆ ಶುಕ್ರವಾರ ಅವಳ ಕೀಪ್ಯಾಡ್ ಫೋನು ಹೊಡೆದುಕೊಂಡಾಗ ಟಿಕೋಟಾದ ನಮ್ಮ ಮನೆಯಲ್ಲಿ ಅವಳೊಬ್ಬಳೇ ಇದ್ದಳು.

"ನಮಸ್ಕಾರ್ರಿ. ನಾ ಬಬಲೇಶ್ವರದ ಮಲ್ಲಿನಾಥ ಅಂತ್ರಿ. ರವಿವಾರ ನಿಮ್ಮ ಮನಿಗೆ ನೋಡಾಕ ಬರ್ತೇವ್ರಿ. ನಾಲ್ಕು ಮಂದಿ."

ನಮ್ಮ ಕಡೆ ವಯಸ್ಸಿಗೆ ಬಂದ ಹುಡುಗಿಯಿರುವ ಮನೆಗೆ ನಾಲ್ಕು ಮಂದಿ 'ನೋಡಾಕ' ಬರುತ್ತೇವೆ ಎಂದರೆ ಏನನ್ನು ನೋಡಲು ಎಂದು ಯಾರೂ ಕೇಳುವುದಿಲ್ಲ. ಆಯಿಯೂ ಕೇಳಲಿಲ್ಲ.

"ಬರ್ರೆಪಾ ಬರ್ರಿ. ಎಷ್ಟೊತ್ತಿಗೆ?"

"ಸಂಜೀ ಐದಕ್ಕ ಚಾಲೂ ಆಗ್ತೈತ್ರಿ. ತೊಂಬತ್ತು ಮಿನಿಟು. ನಡುವ ಸ್ವಲ್ಪ ಬಿಡುವು ಇರ್ತೈತಿ."

"ತೊಂಬತ್ತು ಮಿನಿಟು ನೋಡ್ತೀರೇನು!" ಆಯಿ ಬೆರಗಾದಳು. ಹಿಂದೆ ಬಂದವರೆಲ್ಲ ಚಹಾ ಕುಡಿದು ಹತ್ತು ನಿಮಿಷಕ್ಕೆ ಎದ್ದು ಹೋದವರು. "ಮತ್ತ ನಮ್ಮ ಕಡಿಂದ ಕೊಡೂದು ಬಿಡೂದು ಏನರ..."

"ಏನೂ ಬ್ಯಾಡ್ರಿ ಆಯಿ. ಟಿವಿ ಒಂದಿದ್ರ ಆತು. ದೊಡ್ಡದೈತಂತಲ್ರಿ?"

ಫೋನಿಟ್ಟ ಆಯಿ ಹೊಲದಿಂದ ಬಂದ ಅಪ್ಪನಿಗೆ ವರದಿ ಒಪ್ಪಿಸಿದಳು. "ಹುಡುಗನ ದನಿ ಚಲೋ ಐತಿ. ಆದ್ರ ಟಿವಿ ಕೇಳ್ಯಾನ." ಅಪ್ಪನ ಮುಖ ಕೆಂಪೇರಿತಂತೆ. ಆದರೂ, ಮನೆಗೆ ಬರುವವರನ್ನು ಬೇಡ ಅನ್ನಬಾರದು ಎಂದು ಇಬ್ಬರೂ ಮಾತಾಡಿಕೊಂಡರು. ನನಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಹಿಂದಿನ ಸಲದ ಹಾಗೆ ಗೆಳತಿ ಸಂಘಮಿತ್ರಾಳ ಮನೆಗೆ ಓಡಿಹೋಗುತ್ತೇನೆ ಎಂಬ ಹೆದರಿಕೆ ಅವರಿಗೆ.

ಇನ್ನು ನನ್ನ ಕಥೆ. ನಾನು ಸುಧಾರಾಣಿ. ಊರಿನ ಒಣದ್ರಾಕ್ಷಿ ಘಟಕದಲ್ಲಿ ಕೆಲಸ. ಕಾಲೇಜಿನಲ್ಲಿ ಓದುವಾಗ ವಿಜಯಪುರದ ಮೈದಾನಗಳಲ್ಲಿ ಫುಟ್‌ಬಾಲ್ ಆಡಿದವಳು, ಗೋಲು ಕಾಯುವ ಗೋಲಿಯಾಗಿ. ನಮ್ಮ ಟೀಮನ್ನು ಒಮ್ಮೆ ಬೆಂಗಳೂರಿಗೆ ಕರೆದೊಯ್ದು ಕೆಂಪಾಂಬುಧಿ ಎಫ್‌ಸಿಯ ಮ್ಯಾಚ್ ತೋರಿಸಿದ್ದರು. ಆ ಸಂಜೆಯಿಂದ ನಾನು ಆ ಕ್ಲಬ್ಬಿನ ಹುಚ್ಚಿ. ಕಾಲೇಜು ಮುಗಿದ ಮೇಲೆ ಆಟ ನಿಂತಿತು, ಹುಚ್ಚು ಉಳಿಯಿತು. ಫೋನಿನಲ್ಲಿ ಹುಡುಕುತ್ತ ಹೋದಾಗ ಸಿಕ್ಕಿದ್ದು 'ಗುಮ್ಮಟ ಗ್ಯಾಂಗ್' ಎಂಬ ನಾಲ್ವರು ಹುಡುಗರ ವಾಟ್ಸಾಪ್ ಗುಂಪು. ನಮ್ಮ ಜಿಲ್ಲೆಯಲ್ಲಿ ಈ ಕ್ಲಬ್ಬಿನ ಅಭಿಮಾನಿಗಳೆಂದರೆ ಅವರೇ, ಅಷ್ಟೇ.

ಅಲ್ಲಿ ನನ್ನ ಹೆಸರು 'ಎಸ್. ಟಿಕೋಟಾ'. ಡೀಪಿಯಲ್ಲಿ ಒಂದು ಗೋಲುಕಂಬ. ನಮ್ಮ ಭಾಷೆ ಬಲು ಉಪಕಾರಿ. 'ನಾ ಬಂದೆ', 'ನಾ ನೋಡಿದೆ' ಎಂದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಮೊದಲ ದಿನವೇ ಎಲ್ಲರೂ 'ಟಿಕೋಟಾ ಅಣ್ಣಾರ' ಎಂದರು. ನಾನು ತಿದ್ದಲಿಲ್ಲ. ಆಫ್‌ಸೈಡ್ ಬಗ್ಗೆ ನಾನು ವಾದ ಮಾಡಿದರೆ ಅವರು ಎದುರು ವಾದ ಮಾಡುತ್ತಿದ್ದರು. 'ಹುಡುಗಿಗೇನು ಗೊತ್ತು' ಎಂದು ನಗುತ್ತಿರಲಿಲ್ಲ. ಆ ಸುಖ ಬಿಡಲು ಮನಸ್ಸಾಗಲಿಲ್ಲ.

ಆ ವಾದಗಳಲ್ಲಿ ಎಲ್ಲರಿಗಿಂತ ಹೆಚ್ಚು ನನ್ನ ಜೊತೆ ಜಗಳವಾಡುತ್ತಿದ್ದವನು ಮಲ್ಲಿನಾಥ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟವನು, ಜರ್ಸಿಗಳಿಗೆ ಹೆಸರು ನಂಬರು ಒತ್ತಿಕೊಡುವವನು. ಪೆನಲ್ಟಿಯ ವಿಷಯ ಬಂದಾಗಲೆಲ್ಲ ನಾನು ಒಂದೇ ಪಾಠ ಹೇಳುತ್ತಿದ್ದೆ. ಒದೆಯುವವನ ಕಾಲು ಸುಳ್ಳು ಹೇಳುತ್ತದೆ, ಸೊಂಟ ಹೇಳುವುದಿಲ್ಲ, ಸೊಂಟ ನೋಡಿದರೆ ಚೆಂಡು ಯಾವ ಕಡೆ ಎಂದು ತಿಳಿಯುತ್ತದೆ. 'ಅಣ್ಣಾರ, ನಿಮ್ಮ ಸೊಂಟದ ಶಾಸ್ತ್ರ ಮತ್ತ ಖರೇ ಆತು' ಎಂದು ಮಲ್ಲಿನಾಥ ಬರೆಯುತ್ತಿದ್ದ. ಮ್ಯಾಚ್ ಇಲ್ಲದ ದಿನವೂ 'ಊಟ ಆತೇನ್ರಿ ಅಣ್ಣಾರ?' ಎಂದು ಕೇಳುತ್ತಿದ್ದ. ಆ ಪ್ರಶ್ನೆ ಬರುವವರೆಗೆ ನಾನು ಊಟಕ್ಕೆ ಕೂರದ ದಿನಗಳು ಶುರುವಾದಾಗ ನನಗೇ ದಿಗಿಲಾಯಿತು. ಅವನು ನನ್ನನ್ನು ಅಣ್ಣ ಅನ್ನುತ್ತಿದ್ದ, ನಾನು ಅವನನ್ನು ಪ್ರೀತಿಸುತ್ತಿದ್ದೆ. ಇದಕ್ಕಿಂತ ಸಿಕ್ಕು ಬೇರೆ ಬೇಕೆ?

ಮೊದಲೆಲ್ಲ ಆ ನಾಲ್ವರೂ ಸೀಸನ್ನಿಗೆ ಎರಡು ಸಲವಾದರೂ ಗೋಳಗುಮ್ಮಟ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದರು. ಸ್ಟೇಡಿಯಮ್ಮಿನ ಟಿಕೆಟ್ಟು ಆಗ ಸಿನಿಮಾದ ಟಿಕೆಟ್ಟಿನಷ್ಟೇ ಇತ್ತು. ತಂಡ ಗೆಲ್ಲತೊಡಗಿತು, ರೇಟೂ ಏರತೊಡಗಿತು. ಈಗ ಒಬ್ಬರು ಒಳಗೆ ಕೂರುವ ದುಡ್ಡಿಗೆ ನಮ್ಮ ಮನೆಗೆ ತಿಂಗಳ ಕಿರಾಣಿ ಬರುತ್ತದೆ. ಅದರ ಮೇಲೆ ಆ್ಯಪಿನವರ ಕನ್ವೀನಿಯನ್ಸ್ ಫೀ ಬೇರೆ. ಯಾರ ಕನ್ವೀನಿಯನ್ಸೋ ಆ ದೇವರಿಗೇ ಗೊತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ, ಇಲ್ಲಿ ಹಾಸಿಗೆಯನ್ನೇ ಸುತ್ತಿ ಒಯ್ದಿದ್ದರು. ಕೊನೆಗೆ ಗುಂಪು ಒಂದು ದಾರಿ ಕಂಡುಕೊಂಡಿತು. ಎಲ್ಲರೂ ಸೇರಿ ದುಡ್ಡು ಹಾಕುವುದು, ಚೀಟಿ ಎತ್ತುವುದು, ಹೆಸರು ಬಂದ ಒಬ್ಬ ಹೋಗುವುದು. ಹೋದವನು ಫೋನು ಹಿಡಿದು ಉಳಿದವರಿಗೆಲ್ಲ ಮ್ಯಾಚ್ ಹೇಳಬೇಕು. ನನ್ನ ಗುಟ್ಟು ಹೊರಬಿದ್ದೀತೆಂದು ನಾನು ದುಡ್ಡು ಕಳಿಸುತ್ತಿದ್ದೆ, ಚೀಟಿಗೆ ಹೆಸರು ಕೊಡುತ್ತಿರಲಿಲ್ಲ.

ಸೆಮಿಫೈನಲ್ಲಿಗೆ ಒಬ್ಬರ ಟಿಕೆಟ್ಟೂ ಕೈಗೆಟುಕಲಿಲ್ಲ. ಗುಂಪಿನಲ್ಲಿ ಎಲ್ಲರೂ ಮಂಕಾದರು. ಆಗ ನಾನೇ ಬರೆದೆ: 'ನಮ್ಮ ಮನ್ಯಾಗ ದೊಡ್ಡ ಟಿವಿ ಐತಿ. ಆ್ಯಪಿಗೆ ರೊಕ್ಕ ಕಟ್ಟೇನಿ. ರವಿವಾರ ಬರ್ರಿ.' ನನ್ನ ದನಿ ಕೇಳಿದರೆ ಗುಟ್ಟು ಬಯಲಾದೀತೆಂದು ದಾರಿ ಕೇಳಲು ಆಯಿಯ ನಂಬರು ಕೊಟ್ಟೆ. ಮನೆಯವರಿಗೆ ಆ ದಿನವೇ ಹೇಳಿದರಾಯಿತು ಅಂದುಕೊಂಡೆ. ನನ್ನ ಲೆಕ್ಕ ಬೇರೆಯೇ ಇತ್ತು. ಜರ್ಸಿ ಹಾಕಿಕೊಂಡು ನಾನೇ ಬಾಗಿಲು ತೆಗೆಯುತ್ತೇನೆ, 'ಬರ್ರಿ, ನಾನ ಟಿಕೋಟಾ ಅಣ್ಣ' ಅನ್ನುತ್ತೇನೆ, ಆಮೇಲೆ ಅವನ ಮುಖ ನೋಡುತ್ತೇನೆ. ಆ ಮುಖ ಏನು ಹೇಳುತ್ತದೋ ಅದರ ಮೇಲೆ ನನ್ನ ಮುಂದಿನದೆಲ್ಲ ನಿಂತಿತ್ತು.

ರವಿವಾರ ಮಧ್ಯಾಹ್ನ ಘಟಕದಿಂದ ಬಂದರೆ ಅಂಗಳ ಸಾರಿಸಿದೆ, ಅವ್ವ ಅವಲಕ್ಕಿ ಚುಡಾ ಕಲಸುತ್ತಿದ್ದಾಳೆ, ಆಯಿ ಇಳಕಲ್ ಸೀರೆ ಹಿಡಿದು ನಿಂತಿದ್ದಾಳೆ.

"ಉಡು ಬೇ ಲಗೂನ. ನೋಡಾಕ ಬರಾಕತ್ಯಾರ."

"ಇವತ್ತ? ಆಯಿ, ಇವತ್ತ ಮ್ಯಾಚ್ ಐತಿ!"

"ಮ್ಯಾಚ್ ಆಗ್ಲೆಂತನ ಬರಾಕತ್ಯಾರ," ಎಂದಳು ಆಯಿ, ತಾನು ಎಂಥ ಸತ್ಯ ನುಡಿದೆನೆಂದು ತಿಳಿಯದೆ.

ನಾನು ಅತ್ತೆ, ಕೂಗಾಡಿದೆ. ಗುಂಪಿಗೆ 'ಬರಬ್ಯಾಡ್ರಿ, ಮನಿಗೆ ಬೀಗರು ಬರ್ತಾರ' ಎಂದು ಬರೆದೆ. ಅವರು ಆಗಲೇ ಬೈಕು ಹತ್ತಿದ್ದರು, ಯಾರೂ ನೋಡಲಿಲ್ಲ. ಸೀರೆ ಉಟ್ಟು, ಮಲ್ಲಿಗೆ ಮುಡಿಸಿಕೊಂಡು, ಅಡುಗೆಮನೆಯಲ್ಲಿ ಮುಖ ಊದಿಸಿಕೊಂಡು ಕೂತೆ. ಹೊರಗೆ ಎರಡು ಬೈಕುಗಳ ಸದ್ದಾಯಿತು. ಬಾಗಿಲ ಸಂದಿಯಿಂದ ನೋಡಿದೆ. ನಾಲ್ಕೂ ಮಂದಿ ಕೆಂಪಾಂಬುಧಿಯ ಜರ್ಸಿಯಲ್ಲಿದ್ದರು.

ಆಯಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಒಂದ ನಮೂನಿ ಅಂಗಿ ಹಾಕ್ಕೊಂಡ ಬಂದೀರಲ್ಲ. ಇದರಾಗ ಹುಡುಗ ಯಾರು?"

"ನಾಲ್ಕೂ ಮಂದಿ ಹುಡುಗರ ಅದೀವಲ್ರಿ ಆಯಿ," ಎಂದ ದಪ್ಪಗಿನ ಬುಡ್ಡೇಸಾಬ.

ಅಪ್ಪ ಗಂಟಲು ಸರಿಮಾಡಿಕೊಂಡ. "ಟಿವಿ ಬೇಕಂದ್ರಂತ?"

"ಹೌದ್ರಿ." ಮಾತಾಡಿದ್ದು ಮಲ್ಲಿನಾಥ, ಜರ್ಸಿಯ ಮೇಲೆ ಹೆಸರು ಒತ್ತಿಕೊಂಡಿದ್ದ. ಎತ್ತರದ ಆಳು, ಕಿವಿಯ ಮೇಲೊಂದು ಪೆನ್ನು ಹಾಗೇ ಉಳಿದಿತ್ತು. ಇಷ್ಟು ದಿನ ಅಕ್ಷರದಲ್ಲಿ ಇದ್ದವನಿಗೆ ಈಗ ಕಣ್ಣು ಮೂಗು ಬಂದಿದ್ದವು. "ಇದನ ಸಾಕ್ರಿ. ಇದಕ್ಕಿಂತ ದೊಡ್ಡದು ಎಲ್ಲಿ ಸಿಗಬೇಕು."

"ಅಂದ್ರ ಇದನ್ನ ಬಿಚಗೊಂಡ ಹೋಗವ್ರೇನು?"

"ಬಿಚ್ಚೂದ್ಯಾಕ್ರಿ? ಇಲ್ಲೇ ಕುಂತು ನೋಡ್ತೇವಲ್ರಿ."

ಅಪ್ಪನಿಗೆ ಏನೂ ತಿಳಿಯಲಿಲ್ಲ. ನನಗೆ ಎಲ್ಲ ತಿಳಿದುಹೋಗಿತ್ತು. ಆದರೆ ಅವ್ವ ಆಗಲೇ ಚಹಾದ ತಾಟು ನನ್ನ ಕೈಗಿಟ್ಟು ಹೊರಗೆ ತಳ್ಳಿದಳು. ಜರ್ಸಿ ಹಾಕಿಕೊಂಡು ಧೈರ್ಯವಾಗಿ ನಿಲ್ಲಬೇಕಿದ್ದವಳು ತಲೆ ತಗ್ಗಿಸಿ, ಬಳೆ ಸದ್ದು ಮಾಡುತ್ತ ಅವನ ಮುಂದೆ ನಿಂತೆ. ಕಪ್ಪು ತೆಗೆದುಕೊಳ್ಳುತ್ತ ಅವನು ಒಮ್ಮೆ ನನ್ನ ಕಡೆ ನೋಡಿದ, ಥಟ್ಟನೆ ಕಣ್ಣು ತಗ್ಗಿಸಿ ಕಪ್ಪನ್ನು ನೋಡಿದ, ಮತ್ತೆ ನೋಡಬಾರದೆಂದುಕೊಂಡು ಮತ್ತೆ ನೋಡಿದ. ಚಹಾ ಬಸಿಯಲ್ಲಿ ಚೆಲ್ಲಿತು.

"ಟಿಕೋಟಾ ಅಣ್ಣಾರು ಎಲ್ಲಿ ಅದಾರ್ರಿ, ಅಕ್ಕಾರ?"

"ಹೊರಗ ಹೋಗ್ಯಾರ," ಎಂದು ಒಳಗೆ ಓಡಿಬಂದೆ. ಕೈಗೆ ಬಂದ ತುತ್ತನ್ನು ನಾನೇ ನೆಲಕ್ಕೆ ಹಾಕಿದ್ದೆ.

ಮ್ಯಾಚ್ ಶುರುವಾಯಿತು. ನಾನು ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡು ನೋಡುತ್ತಿದ್ದೆ. ಹುಡುಗಿಯನ್ನು ಬಿಟ್ಟು ಟಿವಿ ನೋಡುತ್ತಿರುವ ಬೀಗರನ್ನು ಅಪ್ಪ, ಆಯಿ ಇಬ್ಬರೂ ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದರು. ಸ್ಕೋರು ಒಂದಕ್ಕೊಂದು ಇತ್ತು. ಇನ್ನೇನು ಮುಗಿಯಬೇಕು ಅನ್ನುವಾಗ ಎದುರಾಳಿಗೆ ಪೆನಲ್ಟಿ ಸಿಕ್ಕಿತು. ಒದೆಯುವವನು ಓಡಿ ಬಂದ. ನಮ್ಮ ಗೋಲಿ ಅವನ ಕಾಲನ್ನೇ ನೋಡುತ್ತಿದ್ದ. ನನ್ನ ಮೈಮೇಲೆ ನನಗೆ ಎಚ್ಚರವಿರಲಿಲ್ಲ.

"ಸೊಂಟ ನೋಡಲೇ! ಕಾಲ ಬಿಡು, ಸೊಂಟ ನೋಡು!" ನಾನು ಸೆರಗು ಸೊಂಟಕ್ಕೆ ಸಿಗಿಸಿ ಪಡಸಾಲೆಯ ನಡುವೆ ಬಂದು ನಿಂತಿದ್ದೆ. "ಎಡಕ್ಕ! ಎಡಕ್ಕ ಬೀಳು!"

ಗೋಲಿ ಎಡಕ್ಕೇ ಬಿದ್ದ. ಚೆಂಡು ಅವನ ಕೈಗೆ ಬಡಿದು ಹೊರಗೆ ಹೋಯಿತು. ಯಾರೂ ಕೇಕೆ ಹಾಕಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಶಿವನ," ಎಂದಳು ಆಯಿ. "ಬಂದ ಬೀಗರ ಮುಂದ ಸೊಂಟ ಸೊಂಟ ಅಂತ ಒದರ್ತಾಳಲ್ಲೋ ಯಪ್ಪಾ!"

ಮಲ್ಲಿನಾಥ ಎದ್ದು ನಿಂತಿದ್ದ. ಕಿವಿಯ ಮೇಲಿನ ಪೆನ್ನು ಕೆಳಗೆ ಬಿತ್ತು. "ಟಿಕೋಟಾ... ಅಣ್ಣಾರ?"

"ಹೂಂನ್ರಿ," ಎಂದೆ. "ನಾನ."

ಆಮೇಲೆ ಎಲ್ಲ ಬಿಡಿಸಿ ಹೇಳಬೇಕಾಯಿತು. ಅಪ್ಪ ಟಿವಿ ಉಳಿಯಿತೆಂದು ನಕ್ಕ, ನಗುನಗುತ್ತ ಕಣ್ಣೊರೆಸಿಕೊಂಡ. ಬುಡ್ಡೇಸಾಬ ಚುಡಾದ ತಟ್ಟೆಯ ಮೇಲೆ ಬಿದ್ದು ಬಿದ್ದು ನಕ್ಕ. ಆಯಿಯೊಬ್ಬಳು, "ಏನ ನೋಡ್ತೀರಿ ಅಂತ ಬಾಯಿ ಬಿಟ್ಟು ಹೇಳಬೇಕಿಲ್ಲೇನು?" ಎಂದು ಗದರಿದಳು. ಕೆಂಪಾಂಬುಧಿ ಕೊನೆಯ ನಿಮಿಷದಲ್ಲಿ ಗೋಲು ಹೊಡೆದು ಫೈನಲ್ ಸೇರಿತು. ಮಲ್ಲಿನಾಥ ಮಾತ್ರ ನಗಲಿಲ್ಲ. ಹೋಗುವಾಗ ಅಪ್ಪನಿಗೆ ಕೈ ಮುಗಿದ, ಆಯಿಗೆ ಕೈ ಮುಗಿದ, ನನ್ನ ಕಡೆ ನೋಡಲಿಲ್ಲ.

ಆ ದಿನದಿಂದ 'ಊಟ ಆತೇನ್ರಿ' ನಿಂತಿತು. ಗುಂಪಿನಲ್ಲಿ ಉಳಿದವರು ನನ್ನನ್ನು ಕಾಡಿಸಿ, ಕ್ಷಮೆ ಕೇಳಿ, ಮತ್ತೆ ಆಫ್‌ಸೈಡಿನ ಜಗಳಕ್ಕೆ ಇಳಿದರು. ಅವನು ಒಂದು ಅಕ್ಷರ ಬರೆಯಲಿಲ್ಲ. ಮೋಸ ಮಾಡಿದಳು ಅಂದುಕೊಂಡನೇ? ಹುಡುಗಿ ಅಂತ ಗೊತ್ತಾದ ಮೇಲೆ ವಾದಕ್ಕೆ ಬೆಲೆ ಇಲ್ಲವೇ? ಒಂದು ವಾರ ತಡೆದೆ. ಆಮೇಲೆ ನನ್ನ ಸಿಟ್ಟೇ ನನ್ನನ್ನು ಬಸ್ ಹತ್ತಿಸಿ ಸ್ಟೇಷನ್ ರಸ್ತೆಗೆ ತಂದು ಇಳಿಸಿತು.

ಅವನು ಯಾವುದೋ ಶಾಲೆಯ ಜರ್ಸಿಗೆ ನಂಬರು ಒತ್ತುತ್ತಿದ್ದ. "ಏನ ಬೇಕ್ರಿ..." ಎಂದು ತಲೆ ಎತ್ತಿದವನು ಕೈಯಲ್ಲಿದ್ದ ಜರ್ಸಿಯನ್ನು ಬದಿಗಿಟ್ಟ.

"ಗ್ಲೌಸ್," ಎಂದೆ. "ಗೋಲಿ ಗ್ಲೌಸ್."

"ಯಾವ ಸೈಜ್ರಿ?"

ನಾನು ಗಾಜಿನ ಮೇಲೆ ಅಂಗೈ ಇಟ್ಟೆ. ಅವನು ಅಳತೆ ಹಿಡಿಯಲಿಲ್ಲ. ಸೊಟ್ಟಗಾದ ನನ್ನ ಕಿರುಬೆರಳನ್ನು ನೋಡುತ್ತ ನಿಂತ.

"ಮುರದಿತ್ತೇನ್ರಿ?"

"ಪೆನಲ್ಟಿ ತಡದಾಗ."

"ಗೋಲ್ ಆತೇನ್ರಿ?"

"ಇಲ್ಲ."

ಅವನ ತುಟಿಯ ಒಂದು ಮೂಲೆಯಲ್ಲಿ ನಗು ಬಂದು ನಿಂತಿತು. ಆ ನಗುವಿಗೆ ಕರಗಬಾರದೆಂದು ನಾನು ಗೋಡೆಯ ಮೇಲಿನ ಬ್ಯಾಡ್ಮಿಂಟನ್ ಬ್ಯಾಟುಗಳನ್ನು ನೋಡಿದೆ.

"ಯಾಕ ಮಾತ ಬಿಟ್ರಿ? ಹುಡುಗಿ ಅಂತ ಗೊತ್ತಾದ ಕೂಡ್ಲೆ ನನ್ನ ಫುಟ್‌ಬಾಲ್ ಸುಳ್ಳಾತೇನು?"

"ಅಲ್ರಿ! ದಿನಾ ಬರೀತಿದ್ದೆ, ಬರದು ಅಳಸ್ತಿದ್ದೆ. ಚಾಲೂ ಹೆಂಗ ಮಾಡ್ಲಿ ಹೇಳ್ರಿ. ಅಣ್ಣಾರ ಅನ್ನಾಕ ಬರಂಗಿಲ್ಲ. ಗುರ್ತಿಲ್ಲದ ಹೆಣ್ಮಕ್ಕಳಿಗೆ ನಾವು ಅಕ್ಕಾರ ಅಂತೇವಿ..."

"ಹಂಗ ಅನ್ರಲ್ಲ."

"ತಿಳೀದ ಒಮ್ಮಿ ಅಂದೇನಿ, ನಿಮ್ಮ ಮನ್ಯಾಗ. ಇನ್ನೊಮ್ಮಿ ಅನ್ನಂಗಿಲ್ಲ."

"ಯಾಕ?"

ಅವನು ನಂಬರು ಒತ್ತುವ ಯಂತ್ರದ ಬಿಸಿಯ ಗುಂಡಿಯನ್ನು ಅನಗತ್ಯವಾಗಿ ತಿರುವಿದ. "ಅಂದ್ರ ಅಕ್ಕಾರ ಆಗಿಬಿಡ್ತೀರಿ."

ಅಂಗಡಿಯ ಮುಂದೆ ಒಂದು ಟಂಟಂ ಆಟೋ ಹಾರನ್ ಹೊಡೆಯುತ್ತ ಹೋಯಿತು. ನನ್ನ ಎದೆಯ ಬಡಿತ ಅವನಿಗೆ ಕೇಳಿಸದ ಹಾಗೆ ಮಾಡಿದ ಆ ಡ್ರೈವರನಿಗೆ ಪುಣ್ಯ ಬರಲಿ.

"ನನಗ ಸುಧಾರಾಣಿ ಅಂತ ಹೆಸರಿಟ್ಟಾರ," ಎಂದೆ.

"ಸುಧಾರಾಣಿಯವರ."

"ಯವರ ಬ್ಯಾಡ."

"ಅದಕ್ಕ ಸ್ವಲ್ಪ ಟೈಮ್ ಬೇಕ್ರಿ." ಆಮೇಲೆ ಗ್ಲೌಸಿನ ಡಬ್ಬಿ ಮುಚ್ಚುತ್ತ, "ನಿಮ್ಮ ಕೈಗೆ ಆಗೂದು ಈಗಿಲ್ಲ. ತರಸ್ತೇನಿ. ಮತ್ತ ಬರಬೇಕಾಗ್ತೈತಿ," ಎಂದ.

ಡಬ್ಬಿಯಲ್ಲಿ ನನ್ನ ಅಳತೆಯದು ಕಾಣುತ್ತಿತ್ತು. ನಾನೂ ಸುಮ್ಮನಿದ್ದೆ.

ಮತ್ತೆ ಹೋದೆ. ಮತ್ತೂ ಮತ್ತೂ ಹೋದೆ. ಫೈನಲ್ಲಿನ ಚೀಟಿ ಎತ್ತಿದ್ದೂ ಆ ಅಂಗಡಿಯಲ್ಲೇ. ಈ ಸಲ ಚೀಟಿಗಳಲ್ಲಿ ನನ್ನ ಹೆಸರೂ ಇತ್ತು. ಬುಡ್ಡೇಸಾಬ ಹೆಲ್ಮೆಟ್ಟಿನೊಳಗೆ ಕೈ ಹಾಕಿ ತೆಗೆದದ್ದು ಮಲ್ಲಿನಾಥನ ಹೆಸರು. ಇಷ್ಟು ವರ್ಷ ದುಡ್ಡು ಹಾಕಿದವನಿಗೆ ಚೀಟಿ ಒಲಿದದ್ದು ಅದೇ ಮೊದಲು. ಎಲ್ಲರೂ ಚಹಾಕ್ಕೆ ಹೋದಾಗ ಅವನು ನನ್ನ ಹತ್ತಿರ ಬಂದ.

"ನೀವು ಹೋಗ್ರಿ ನನ್ನ ಬದಲಿ."

"ಬೇಕಂತನ ಚೆಂಡು ಹೊರಗ ಒದ್ದು ಗೆಲ್ಲಿಸಿದಂಗ ಆಗ್ತೈತಿ ಅದು. ಅಂಥಾ ಗೆಲುವು ನನಗ ಬ್ಯಾಡ."

"ಹಂಗಾರ ಇಬ್ಬರೂ..." ಎಂದವನು ನಿಲ್ಲಿಸಿದ. ಒಂದು ಟಿಕೆಟ್ಟಿಗೇ ಗುಂಪಿನ ಎಲ್ಲರ ಕಿಸೆ ಬರಿದಾಗಿತ್ತು. ಅಕ್ಕಪಕ್ಕದ ಎರಡು ಕುರ್ಚಿ ಎಂಬ ಮಾತು ಇಬ್ಬರ ಬಾಯಿಗೂ ಬಂತು, ಇಬ್ಬರೂ ಹೊರಗೆ ಬಿಡಲಿಲ್ಲ. ಅಷ್ಟು ಸಣ್ಣ ಆಸೆಗೆ ಅಷ್ಟು ದೊಡ್ಡ ರೇಟು ಇಟ್ಟವರ ಮೇಲೆ ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಫೈನಲ್ಲಿನ ಸಂಜೆ ನಮ್ಮ ಪಡಸಾಲೆಯಲ್ಲಿ ನಾವು ನಾಲ್ವರು. ಅಪ್ಪ, ಅವ್ವ, ನಾನು, ಮತ್ತು ಈಗ ಕಾರ್ನರ್ ಕಿಕ್ ಅಂದರೇನೆಂದು ಪಕ್ಕದ ಮನೆಯ ದುಂಡವ್ವನಿಗೆ ಪಾಠ ಹೇಳುವ ಆಯಿ. ಮಲ್ಲಿನಾಥ ಸ್ಟೇಡಿಯಮ್ಮಿನಿಂದ ಗುಂಪಿಗೆಲ್ಲ ಮ್ಯಾಚ್ ಹೇಳುತ್ತಿದ್ದ. ನಮ್ಮ ಆ್ಯಪು ಅರ್ಧ ನಿಮಿಷ ಹಿಂದೆ ಓಡುತ್ತದೆ. ಅವನು ಫೋನಿನಲ್ಲಿ 'ಹೊರಗ ಹೋತು' ಅಂದಾಗ ಟಿವಿಯಲ್ಲಿ ಇನ್ನೂ ಚೆಂಡು ಮಧ್ಯದಲ್ಲಿರುತ್ತಿತ್ತು.

ಕೊನೆಗೆ ಹತ್ತು ನಿಮಿಷ ಉಳಿದಿದ್ದಾಗ ಗುಂಪಿನ ಕರೆ ಕಡಿಯಿತು. ನನ್ನೊಬ್ಬಳ ಫೋನು ಮಾತ್ರ ಬಡಿದುಕೊಂಡಿತು.

"ಹಲೋ! ಕೇಳಸಾಕತ್ತೈತೇನ್ರಿ?" ಅವನ ಹಿಂದೆ ನಗಾರಿ, ಕೇಕೆ, ಗದ್ದಲ. "ನಾವು ಕೂಡ್ತಿದ್ದ ಜಾಗಾದಾಗ ಮೆತ್ತನ್ನ ಕುರ್ಚಿ ಹಾಕ್ಯಾರ್ರಿ. ಹಾಡಾವ್ರ ಯಾರೂ ಇಲ್ಲ. ನನ್ನ ಬಾಜೂದಂವ ಬರೇ ಸೆಲ್ಫಿ ತಗೋತಾನ."

"ಮ್ಯಾಚ್ ಹೇಳ್ರಿ!"

"ಮ್ಯಾಚ್ ನೀವು ನೋಡ್ತೀರಿ. ನನಗ ಇಲ್ಲಿ ಕುಂತ್ರೂ ಬಾಜೂಕ ನೀವು ಇಲ್ಲಂತ ಅದನ ಕಾಣತೈತಿ. ಸುಧಾರಾಣಿಯವರ, ನಾನು ಏನಂದ್ರ..."

ಗದ್ದಲ ಏರಿತು. ಮುಂದಿನದು ಕೇಳಲಿಲ್ಲ.

"ಏನಂದ್ರಿ? ಕೇಳಸವಲ್ದು! ಜೋರ ಹೇಳ್ರಿ!"

"ಸುಧಾ!" ಅವನು ಗಂಟಲು ಹರಿಯುವ ಹಾಗೆ ಕೂಗಿದ. "ನನಗ ನೀ ಬೇಕು!"

ಅವನು 'ಸುಧಾ' ಅನ್ನುವಷ್ಟರಲ್ಲಿ ಆ ಗದ್ದಲವೆಲ್ಲ ಯಾರೋ ಸ್ವಿಚ್ ಆರಿಸಿದ ಹಾಗೆ ನಿಂತುಹೋಗಿತ್ತು. ಅಷ್ಟೂ ಸ್ಟೇಡಿಯಂ ಸುಮ್ಮನಾದ ಹೊತ್ತಿನಲ್ಲಿ 'ನನಗ ನೀ ಬೇಕು' ಎಂಬುದೊಂದೇ ಉಳಿಯಿತು. ಸುತ್ತಲಿನ ನಾಲ್ಕಾರು ಮಂದಿ ಕಿಸಕ್ಕನೆ ನಕ್ಕದ್ದು ಫೋನಿನಲ್ಲಿ ಕೇಳಿಸಿತು.

"ಏನಾತ್ರಿ?" ಎಂದೆ.

"ಅವರು ಗೋಲ್ ಹೊಡದ್ರು," ಎಂದ ಅವನು ಮೆಲ್ಲಗೆ. "ಎಲ್ಲಾರೂ ನನ್ನ ನೋಡಾಕತ್ಯಾರ."

ನಾನು ಟಿವಿಯ ಕಡೆ ತಿರುಗಿದೆ. ಅಲ್ಲಿ ಇನ್ನೂ ಜನ ಕುಣಿಯುತ್ತಿದ್ದರು, ಅಪ್ಪ ಕುರ್ಚಿಯ ತುದಿಗೆ ಬಂದಿದ್ದ. ಎದುರಾಳಿ ಚೆಂಡು ಕಸಿದುಕೊಂಡ, ಓಡಿದ, ಒದ್ದ. ಬಲೆ ಅಲುಗಿತು. ಸ್ಟೇಡಿಯಂ ಸುಮ್ಮನಾಯಿತು. ದೇಶದ ಎಷ್ಟೋ ಮನೆಗಳಲ್ಲಿ ಜನ ಆ ಮೌನವನ್ನು ಕೇಳಿ ತಲೆ ಮೇಲೆ ಕೈ ಹೊತ್ತಿರಬೇಕು. ಅದರೊಳಗೆ ನನ್ನ ಹೆಸರಿದೆ ಎಂದು ನನಗೊಬ್ಬಳಿಗೇ ಗೊತ್ತಿತ್ತು.

"ಹೋತಲ್ಲೋ!" ಎಂದು ಅಪ್ಪ ತೊಡೆ ಬಡಿದುಕೊಂಡ. ಆಯಿ ನನ್ನ ಮುಖ ನೋಡಿದಳು. "ಗೋಲ್ ಅವರದು ಬೇ. ನೀ ಯಾಕ ನಗಾಕತ್ತಿ?"

ಫೋನಿನಲ್ಲಿ ಅವನು ಕಾಯುತ್ತಿದ್ದ. ಅವನೇನೋ ಅಷ್ಟು ಸಾವಿರ ಮಂದಿಯ ನಡುವೆ ಕೂಗಿದ್ದ. ನನ್ನ ಮುಂದೆ ಇದ್ದದ್ದು ಅಪ್ಪ, ಅವ್ವ, ಆಯಿ ಮೂರೇ ಮಂದಿ, ಮತ್ತು ಮೂರು ಮಂದಿ ಬಹಳ ಹೆಚ್ಚು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಪಿಸುಗುಡಬಹುದಿತ್ತು.

ನಾನು ಟಿವಿಯ ದನಿ ಕಡಿಮೆ ಮಾಡಿದೆ.

"ಮಲ್ಲಿನಾಥ," ಎಂದೆ, ಮನೆಯೆಲ್ಲ ಕೇಳುವ ಹಾಗೆ. "ನನಗೂ ನೀನ ಬೇಕು. ಮ್ಯಾಚ್ ಮುಗಿಸಿ ಊರಿಗೆ ಬಾ."